ಹಕೀಮರ ಗುಳಿಗೆ, ಡಾಕ್ಟರ ಸೂಜಿ

ನನ್ನ ನೆಗೆಣ್ಣಿಗೆ ಮೂರ್ಛೆ ಬರುತ್ತಿತ್ತು. ಈ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಹೀಗೆ ನೇರವಾಗಿ ಆಡುತ್ತಿರಲಿಲ್ಲ. ‘ದೊಡ್ಡಾಕಿಗೆ ಅದು ಬಂತು’ ಎನ್ನುತ್ತಿದ್ದರು, ಅಷ್ಟೆ. ನಾನು ಕಮಲಾಪುರಕ್ಕೆ ಸಣ್ಣ ಸೊಸೆಯಾಗಿ ಬಂದ ಹೊಸತರಲ್ಲಿ ‘ಅದು’ ಎಂದರೆ ಗಾಳಿಯೋ ದೇವರೋ ಇರಬೇಕೆಂದು ಒಳಗೊಳಗೇ ಹೆದರಿದ್ದೆ. ಒಂದು ಮುಂಜಾನೆ ಹಿತ್ತಲಲ್ಲಿ ನನ್ನ ಜೊತೆ ಪಾತ್ರೆ ತಿಕ್ಕುತ್ತಿದ್ದವಳು ನಡು ಮಾತಿನಲ್ಲಿ ಸುಮ್ಮನಾಗಿ, ಒಂದೇ ಕಡೆ ದಿಟ್ಟಿಸಿ, ಪಕ್ಕಕ್ಕೆ ವಾಲಿಬಿಟ್ಟಳು. ಕೈಕಾಲು ಸೆಟೆದುಕೊಂಡು ಬಡಿಯತೊಡಗಿದವು. ನಾನು ಕೂಗಿಕೊಂಡೆ. ಅತ್ತೆ ಬಂದು ಅವಳನ್ನು ಮಗ್ಗುಲಿಗೆ ತಿರುಗಿಸಿ ತಲೆ ಹಿಡಿದು ಕೂತರು. ಸ್ವಲ್ಪ ಹೊತ್ತಿಗೆ ಎಲ್ಲ ನಿಂತಿತು. ಎಚ್ಚರಾದ ಮೇಲೆ ನೆಗೆಣ್ಣಿ ನನ್ನ ಮುಖ ನೋಡಿ ಮುಗುಳ್ನಕ್ಕಳು.

‘ಅಂಜಿದೇನ? ನನಗ ಇದು ಸಣ್ಣಕಿ ಇದ್ದಾಗಿಂದ ಅದ. ಗುಳಿಗಿ ತಗೊಂಡ್ರ ಬರೂದಿಲ್ಲ. ನಿನ್ನಿ ಮರತಿದ್ದೆ ನೋಡು.’

ಆ ಗುಳಿಗೆ ಕಪ್ಪಗೆ, ಮೆಣಸಿನ ಕಾಳಿಗಿಂತ ತುಸು ದೊಡ್ಡದಾಗಿತ್ತು. ಅಜವಾನದಂಥ ವಾಸನೆ, ಹಳೆಯ ಬೆಲ್ಲದಂಥ ಜಿಗುಟು. ಮುಂಜಾನೆ ಒಂದು, ಸಂಜೆ ಒಂದು. ಕಲಬುರಗಿಯ ರೋಜಾದಲ್ಲಿ, ದರ್ಗಾದ ಹಿಂದಿನ ಓಣಿಯಲ್ಲಿದ್ದ ಒಬ್ಬ ಹಕೀಮರು ಅದನ್ನು ಕೊಡುತ್ತಿದ್ದರು. ನೆಗೆಣ್ಣಿಯ ತವರು ಅಲ್ಲಿಗೆ ಹತ್ತಿರವಿತ್ತು. ಅವಳಿಗೆ ಹಲ್ಲು ಬೀಳುವ ವಯಸ್ಸಿನಿಂದಲೂ ಅವರದೇ ಔಷಧಿ. ಮದುವೆಯ ಮೊದಲೇ ಅವಳ ತಂದೆ ಈ ವಿಷಯವನ್ನು ಮುಚ್ಚಿಡದೆ ಭಾವನವರಿಗೆ, ಎಂದರೆ ನನ್ನ ಗಂಡನ ಅಣ್ಣನಿಗೆ, ಹೇಳಿದ್ದರಂತೆ. ಭಾವನವರು ‘ಇರಲಿ’ ಎಂದು ಮದುವೆಯಾದರಂತೆ. ನಮ್ಮದು ಕೆಂಪು ಬಾಳೆಯ ತೋಟ. ಅವರು ಗೊನೆಗಳನ್ನು ತುಂಬಿಕೊಂಡು ಕಲಬುರಗಿಗೆ ಹೋದಾಗಲೆಲ್ಲ ರೋಜಾಕ್ಕೆ ಹೋಗಿ, ಹಕೀಮರ ಮನೆಗೆ ಒಂದು ಚಿಪ್ಪು ಹಣ್ಣು ಕೊಟ್ಟು, ಕಾಗದದ ಪೊಟ್ಟಣದಲ್ಲಿ ಗುಳಿಗೆ ಕಟ್ಟಿಸಿಕೊಂಡು ಬರುತ್ತಿದ್ದರು. ಗುಳಿಗೆಯಲ್ಲಿ ಏನಿದೆ ಎಂದು ಯಾರೂ ಕೇಳಿರಲಿಲ್ಲ. ಗುಣ ಕೊಡುವ ಕೈಯನ್ನು ಹಾಗೆಲ್ಲ ಕೇಳುವುದು ನಮ್ಮ ಕಡೆ ಮರ್ಯಾದೆ ಅನ್ನಿಸುತ್ತಿರಲಿಲ್ಲ.

ಆಮೇಲೆ ರಜಾಕಾರರ ಗದ್ದಲದ ವರ್ಷ ಬಂತು. ಭಾವನವರು ಕಲಬುರಗಿಗೆ ಹೋಗುವುದು ನಿಂತಿತು. ಹಣ್ಣು ಗಿಡದಲ್ಲೇ ಒಡೆದು ಕಾಗೆಗಳ ಪಾಲಾಯಿತು, ಉಳಿದದ್ದನ್ನು ದನಗಳಿಗೆ ಹಾಕಿದೆವು. ಗುಳಿಗೆಯ ಪೊಟ್ಟಣ ತೆಳ್ಳಗಾಗುತ್ತ ಬಂದಾಗ ನೆಗೆಣ್ಣಿ ಒಂದೊಂದನ್ನು ಅಡಕೊತ್ತಿನಿಂದ ಎರಡು ಹೋಳು ಮಾಡಿ ತಿನ್ನತೊಡಗಿದಳು. ‘ಅರ್ಧಕ್ಕೂ ತಡೀತದ, ನೋಡೋಣು’ ಎನ್ನುತ್ತಿದ್ದಳು. ತಡೆಯುತ್ತಿರಲಿಲ್ಲ, ಆದರೆ ಮೊದಲಿನಷ್ಟು ಜೋರಾಗಿಯೂ ಬರುತ್ತಿರಲಿಲ್ಲ. ಹಾಗೇ ದಿನ ತಳ್ಳಿದೆವು.

ಪೋಲೀಸ್ ಆಕ್ಷನ್ ಆಯಿತು. ಮಿಲಿಟರಿ ಗಾಡಿಗಳು ನಮ್ಮೂರ ದಾರಿಯಲ್ಲೇ ಹಾದುಹೋದವು. ನಮ್ಮ ಓಣಿಯ ಅರ್ಧ ಮನೆಗಳಲ್ಲಿ ಹಬ್ಬದಂತಿತ್ತು. ಇನ್ನರ್ಧ ಮನೆಗಳ ಬಾಗಿಲು ಹಗಲಲ್ಲೂ ತೆರೆಯಲಿಲ್ಲ. ಮೊದಲು ಅಂಜಿದವರು ಈಗ ಅಂಜಿಸುವವರಾಗಿದ್ದರು. ಬಸ್ಸು ಮತ್ತೆ ಓಡಾಡತೊಡಗಿದರೂ, ರೋಜಾದ ಕಡೆ ಈಗ ಹೋಗುವುದು ಬೇಡವೆಂದು ಊರ ಹಿರಿಯರು ಭಾವನವರನ್ನು ತಡೆದರು. ‘ಇನ್ನೊಂದ ವಾರ ತಡಿ’ ಎನ್ನುತ್ತಿದ್ದರು. ಹಾಗೆನ್ನುತ್ತ ಚಳಿ ಬಿತ್ತು.

ಅಂದು ಮಧ್ಯಾಹ್ನ ನೆಗೆಣ್ಣಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ನಾನು ಕೊಟ್ಟಿಗೆಯಲ್ಲಿದ್ದೆ. ಅತ್ತೆಯ ಕೂಗು ಕೇಳಿ ಓಡಿ ಬರುವಷ್ಟರಲ್ಲಿ ಅವರು ಅವಳನ್ನು ಒಲೆಯಿಂದ ಈಚೆ ಎಳೆದು ಹಾಕಿದ್ದರು. ಮೂರ್ಛೆ ಬಂದು ಮುಂದಕ್ಕೆ ಬಿದ್ದಿದ್ದಳು. ಬಲಗೈ ಪೂರ್ತಿ ಉರಿಯೊಳಗೆ ಹೋಗಿತ್ತು. ರವಿಕೆಯ ಬಟ್ಟೆ ಮೈಗೆ ಅಂಟಿಕೊಂಡಿತ್ತು. ಮೂರ್ಛೆ ಇನ್ನೂ ಬಿಟ್ಟಿರಲಿಲ್ಲವಾದ್ದರಿಂದ ಅವಳಿಗೆ ಅದರ ಅರಿವೇ ಇರಲಿಲ್ಲ. ನಾವಿಬ್ಬರೂ ಅವಳ ಪಕ್ಕ ಕೂತು, ಅವಳಿಗೆ ಎಚ್ಚರವಾಗುವುದನ್ನು ಅಂಜುತ್ತ ಕಾದೆವು. ಎಚ್ಚರವಾಯಿತು. ಆ ಕೂಗನ್ನು ಹೇಳಲು ನನಗೆ ಬರುವುದಿಲ್ಲ.

ಅತ್ತೆ ಬಾಳೆ ದಿಂಡಿನ ರಸ ಹಿಂಡಿ ಸುರಿದರು. ಭಾವನವರು ತೋಟದಿಂದ ಓಡಿ ಬಂದು, ಇನ್ನೂ ಸುರುಳಿ ಬಿಚ್ಚದ ಎಳೆ ಬಾಳೆ ಎಲೆಯಲ್ಲಿ ಕೈಯನ್ನು ಸುತ್ತಿದರು. ಸಂಜೆಯ ಬಸ್ಸಿಗೆ ಅವಳನ್ನು ಕಲಬುರಗಿಗೆ ಕರೆದುಕೊಂಡು ಹೊರಟೆವು. ಜೊತೆಗೆ ಒಬ್ಬ ಹೆಣ್ಣುಮಗಳು ಬೇಕೆಂದು ನಾನೂ ಹೋದೆ. ಬಸ್ಸು ಕುಲುಕಿದಾಗೆಲ್ಲ ಅವಳು ನನ್ನ ತೊಡೆಯನ್ನು ಹಲ್ಲಿನಿಂದ ಕಚ್ಚಿ ಹಿಡಿಯುತ್ತಿದ್ದಳು.

ದವಾಖಾನೆಯ ಹಳೆಯ ಡಾಕ್ಟರು ಊರು ಬಿಟ್ಟಿದ್ದರು. ಅವರ ಜಾಗಕ್ಕೆ ಬಳ್ಳಾರಿ ಕಡೆಯಿಂದ ಒಬ್ಬ ತರುಣ ಡಾಕ್ಟರು ಬಂದಿದ್ದರು. ಇಡೀ ದವಾಖಾನೆಗೆ ಸದ್ಯ ಅವರೊಬ್ಬರೇ ಡಾಕ್ಟರು. ಕೈ ನೋಡಿ ಮೊದಲು ಅವರು ಹೇಳಿದ್ದು, ‘ಎಲೆ ಸುತ್ತಿದ್ದು ಒಳ್ಳೇದಾಯ್ತು’ ಎಂದು. ಆಮೇಲೆ ಹೇಗಾಯಿತು ಎಂದು ಕೇಳಿದರು. ಭಾವನವರು ಏನನ್ನೂ ಮುಚ್ಚಿಡಲಿಲ್ಲ. ಮೂರ್ಛೆಯ ವಿಷಯ, ಗುಳಿಗೆಯ ವಿಷಯ, ಅರ್ಧ ಮಾಡಿ ತಿಂದದ್ದು, ಎಲ್ಲ ಹೇಳಿದರು. ಉಳಿದಿದ್ದ ಗುಳಿಗೆಗಳ ಪೊಟ್ಟಣವನ್ನು ಬಿಚ್ಚಿ ತೋರಿಸಿದರು.

‘ಇದರಲ್ಲಿ ಏನಿದೆ?’

‘ಹಕೀಮ ಸಾಬ್ರು ಕೊಡ್ತಾರ್ರೀ. ಏನದನೋ ನಮಗ ಗೊತ್ತಿಲ್ರೀ.’

ಡಾಕ್ಟರು ಒಂದು ಗುಳಿಗೆಯನ್ನು ಉಗುರಿನಿಂದ ಒಡೆದು ಮೂಸಿದರು. ನಾಲಿಗೆಗೆ ತುಸು ಮುಟ್ಟಿಸಿ ಉಗುಳಿದರು.

‘ಗೊತ್ತಾಗ್ತಾ ಇಲ್ಲ. ಅಫೀಮು ಇರಬಹುದು, ಇಲ್ಲದೆಯೂ ಇರಬಹುದು. ನಾನು ಈಗ ಇವರಿಗೆ ನೋವಿಗೆ ಸೂಜಿ ಕೊಡಬೇಕು. ಅದು ಮಾರ್ಫಿಯಾ, ಅದೂ ಅಫೀಮಿನಿಂದಲೇ ಮಾಡಿದ್ದು. ಅದು ನೋವನ್ನಷ್ಟೇ ಅಲ್ಲ, ಉಸಿರನ್ನೂ ಮೆತ್ತಗೆ ಮಾಡುತ್ತೆ. ಈ ಗುಳಿಗೇಲೂ ಅಂಥದೇ ನಿದ್ದೆ ಬರಿಸೋ ವಸ್ತು ಇದ್ರೆ, ಎರಡೂ ಸೇರಿದಾಗ ಉಸಿರು ನಿಂತೇ ಹೋಗಬಹುದು. ನಾನು ಹೇಳೋವರೆಗೂ ಇದನ್ನ ಕೊಡಬೇಡಿ.’

‘ಕೊಡಲಿಲ್ಲಂದ್ರ ಅದು ಬರ್ತದಲ್ರೀ?’

‘ಬರಬಹುದು. ಮೂರ್ಛೆಗೆ ನಮ್ಮ ಗುಳಿಗೆ ಇದೆ, ಆದರೆ ಸ್ಟೋರಿನಲ್ಲಿ ಖಾಲಿ. ಸೊಲ್ಲಾಪುರಕ್ಕೆ ಹೇಳಿ ಕಳಿಸ್ತೀನಿ. ಅಲ್ಲಿವರೆಗೆ ನೋಡ್ಕೊಳ್ಳೋಣ.’

ಸೂಜಿ ಮಾಡಿದರು. ಸ್ವಲ್ಪ ಹೊತ್ತಿನಲ್ಲೇ ಅವಳ ಹುಬ್ಬಿನ ಗಂಟು ಬಿಚ್ಚಿತು. ಕಚ್ಚಿದ ಹಲ್ಲು ಸಡಿಲಾಯಿತು. ನನ್ನ ಕಡೆ ನೋಡಿ, ‘ನೀ ಉಂಡೇನ?’ ಎಂದು ಕೇಳಿದಳು. ಅಂಥ ನೋವನ್ನು ಅಷ್ಟು ಬೇಗ ಆರಿಸುವ ವಸ್ತು ಒಂದು ಇದೆಯೆಂದು ನನಗೆ ಗೊತ್ತಿರಲಿಲ್ಲ. ಆ ಗಾಜಿನ ಸೂಜಿಗೆ ಕೈ ಮುಗಿಯಬೇಕು ಅನ್ನಿಸಿತು.

ಮರುದಿನ ಬೆಳಗು ಚೆನ್ನಾಗಿಯೇ ಇತ್ತು. ಡಾಕ್ಟರು ಬಂದು ಕೈ ನೋಡಿದರು. ನೋವು ತಿರುಗಿ ಬಂದರೆ ಯಾವಾಗ, ಎಷ್ಟು ಸೂಜಿ ಮಾಡಬೇಕೆಂದು ನರ್ಸಮ್ಮನಿಗೆ ಹೇಳಿದರು. ಅಷ್ಟರಲ್ಲಿ ಮಿಲಿಟರಿಯವರ ಜೀಪು ಬಂತು. ಯಾವುದೋ ಹಳ್ಳಿಯಲ್ಲಿ ಗಾಯಗೊಂಡವರಿದ್ದಾರೆಂದು ಅವರನ್ನು ಕರೆದುಕೊಂಡು ಹೋಯಿತು.

ಅವರು ಹೋದ ಮೇಲೆ ನೆಗೆಣ್ಣಿಗೆ ಮೂರ್ಛೆ ಬಂತು. ನಿಂತಿತು ಎನ್ನುವಷ್ಟರಲ್ಲಿ ಮತ್ತೊಂದು. ಸುಟ್ಟ ಕೈ ಕಬ್ಬಿಣದ ಮಂಚದ ಪಟ್ಟಿಗೆ ಬಡಿದು ಬ್ಯಾಂಡೇಜು ಕಿತ್ತು ಬಂತು. ನನಗೆ ಆ ಕೈಯನ್ನು ಹಿಡಿಯಲೂ ಆಗದು, ಬಿಡಲೂ ಆಗದು. ಎಲ್ಲಿ ಹಿಡಿದರೂ ಚರ್ಮವಿಲ್ಲ. ಎರಡು ಮೂರ್ಛೆಗಳ ನಡುವೆ ಎಚ್ಚರವಾದಾಗ ಅವಳು ಕಿರುಚುತ್ತಿದ್ದಳು, ಆಮೇಲೆ ಮತ್ತೆ ಸೆಟೆದುಕೊಳ್ಳುತ್ತಿದ್ದಳು. ನರ್ಸಮ್ಮ ಓಡಿ ಬಂದು, ಡಾಕ್ಟರು ಹೇಳಿದ ಹೊತ್ತು ಆಗಿತ್ತಾದ್ದರಿಂದ, ನೋವಿನ ಸೂಜಿ ಮಾಡಿದಳು. ಅದು ನೋವಿಗಾಯಿತು. ಮೂರ್ಛೆಗೆ ಅವಳ ಬಳಿ ಏನೂ ಇರಲಿಲ್ಲ. ‘ಡಾಕ್ಟರಿಗೆ ಹೇಳಿ ಕಳಿಸ್ತೀನಿ’ ಎಂದು ಹೊರಗೆ ಓಡಿದಳು. ಯಾವ ಹಳ್ಳಿಗೆ ಹೋಗಿದ್ದಾರೆಂದು ದವಾಖಾನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಭಾವನವರು ಅಲ್ಲಿಯವರೆಗೂ ನನ್ನ ಜೊತೆ ನೇರವಾಗಿ ಮಾತಾಡಿದವರಲ್ಲ. ತಮ್ಮನ ಹೆಂಡತಿಯ ಜೊತೆ ಹಾಗೆ ಮಾತಾಡುವ ರೂಢಿ ನಮ್ಮಲ್ಲಿರಲಿಲ್ಲ. ಅಂದು ಪೊಟ್ಟಣವನ್ನು ಕೈಯಲ್ಲಿ ಹಿಡಿದು ನನ್ನ ಮುಖವನ್ನೇ ನೋಡಿದರು.

‘ಸಣ್ಣಾಕಿ, ಏನ್ ಮಾಡ್ಲೆವ್ವಾ? ಕೊಟ್ರ ಉಸರ ಹೋಗ್ತದ ಅಂದಾರ. ಕೊಡ್ಲಿಲ್ಲಂದ್ರ ಹಿಂಗ ಬಡಕೊಂಡ ಬಡಕೊಂಡ ಸಾಯ್ತಾಳ. ನನ್ನ ಕಣ್ಣೆದುರಿಗೆ ಸಾಯ್ಲಿಕತ್ತಾಳ.’

ನನಗೇನು ಗೊತ್ತು? ನಾನು ಓದಿದವಳಲ್ಲ, ಲೋಕ ಕಂಡವಳಲ್ಲ. ಓದಿದ್ದ ಡಾಕ್ಟರಿಗೇ ಆ ಗುಳಿಗೆ ಗೊತ್ತಾಗಿರಲಿಲ್ಲ. ಇನ್ನೊಂದು ಮೂರ್ಛೆ ಬಂದು ಹೋಯಿತು. ಅವಳ ತುಟಿ ಕಚ್ಚಿ ರಕ್ತ ಬಂದಿತ್ತು. ಭಾವನವರು ಗುಳಿಗೆಯನ್ನು ನೀರಿನಲ್ಲಿ ತೇಯ್ದು ಅವಳ ಬಾಯಿಗೆ ಸವರಿದರು. ಸ್ವಲ್ಪ ಹೊತ್ತು ನೋಡಿ ಇನ್ನೊಂದನ್ನೂ ಸವರಿದರು. ಅರ್ಧರ್ಧ ತಿಂದೇ ಈ ಗತಿಯಾದದ್ದಲ್ಲವೇ ಎಂಬುದು ಅವರ ಲೆಕ್ಕ.

ಮೂರ್ಛೆ ನಿಂತಿತು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಒಳಗೆ ಬಿದ್ದಿತ್ತು. ಅವಳು ಮಲಗಿದಳು. ನಾವು ಬೆವರು ಒರೆಸಿಕೊಂಡೆವು. ಭಾವನವರು ಗೋಡೆಗೆ ಒರಗಿ ಕೂತು, ‘ಹಕೀಮ ಸಾಬ್ರ ಕೈಗುಣ’ ಎಂದರು. ನನಗೂ ಎದೆ ಹಗುರಾಗಿತ್ತು.

ಅವಳು ಗೊರಕೆ ಹೊಡೆಯತೊಡಗಿದಳು. ಎಂದೂ ಗೊರಕೆ ಹೊಡೆದವಳಲ್ಲ, ದಣಿವಿರಬೇಕು ಅಂದುಕೊಂಡೆ. ಆಮೇಲೆ ಒಂದು ಗೊರಕೆಗೂ ಇನ್ನೊಂದಕ್ಕೂ ನಡುವೆ ಬಿಡುವು ಬೀಳತೊಡಗಿತು. ಆ ಬಿಡುವು ಬೆಳೆಯುತ್ತ ಹೋಯಿತು. ಅವಳ ತುಟಿ ನೇರಳೆ ಹಣ್ಣು ತಿಂದವರ ತುಟಿಯ ಹಾಗಾಗಿತ್ತು. ಅಲುಗಾಡಿಸಿದೆ, ಕಣ್ಣು ತೆರೆಯಲಿಲ್ಲ. ನರ್ಸಮ್ಮನನ್ನು ಕೂಗಿದೆ. ಅವಳು ಬಂದು ನಾಡಿ ಹಿಡಿದು, ಭಾವನವರ ಕೈಯಲ್ಲಿದ್ದ ಪೊಟ್ಟಣ ನೋಡಿ, ‘ಕೊಟ್ರೇನ್ರೀ?’ ಎಂದಳು. ಬೈಯಲಿಲ್ಲ. ಅವಳ ಮುಖ ಬಿಳಿಚಿಕೊಂಡಿತ್ತು.

ದೇವರು ಆ ಹೊತ್ತಿಗೆ ಡಾಕ್ಟರನ್ನು ಕಳಿಸಿದ ಎಂದೇ ನಾನು ಇಂದಿಗೂ ನಂಬಿದ್ದೇನೆ. ಧೂಳಿನ ಬೂಟಿನಲ್ಲೇ ಒಳಗೆ ಬಂದರು. ಅವಳ ರೆಪ್ಪೆ ಎತ್ತಿ ನೋಡಿದರು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಕ್ಕೆ ಕುಗ್ಗಿಹೋಗಿತ್ತು. ಏನೋ ಒಂದು ಸೂಜಿ ಮಾಡಿ, ಅವಳನ್ನು ಬೋರಲು ಮಲಗಿಸಿ ಬೆನ್ನಿನ ಮೇಲೆ ಎರಡೂ ಕೈ ಊರಿ ಒತ್ತಿ ಬಿಡತೊಡಗಿದರು. ಬಹಳ ಹೊತ್ತು ಒತ್ತಿದರು. ಉಸಿರು ತಾನಾಗಿ ತುಸು ಬಂದಿತು. ಮಗ್ಗುಲಿಗೆ ತಿರುಗಿಸಿ ನನ್ನನ್ನು ತಲೆಯ ಬಳಿ ಕೂಡಿಸಿದರು.

‘ಇಲ್ಲಿ ಕೇಳಮ್ಮ. ಇವರು ಉಸಿರಾಡೋದನ್ನ ಮರೀತಾ ಇದಾರೆ. ಕಿವಿ ಇನ್ನೂ ಕೇಳುತ್ತೆ. ಉಸಿರು ತಗೋ ಅಂತ ಹೇಳಿದ್ರೆ ತಗೋತಾರೆ. ಹೇಳ್ತಾನೇ ಇರಬೇಕು. ಮಲಗೋಕೆ ಬಿಡಬಾರದು. ಇದನ್ನ ಬಿಟ್ಟು ನನ್ನ ಹತ್ತಿರ ಹೆಚ್ಚೇನೂ ಇಲ್ಲ.’

ನಾನು ಅವಳ ಕಿವಿಯ ಬಳಿ ಬಾಯಿಟ್ಟೆ. ‘ಅಕ್ಕಾ, ಉಸರ ತಗೋ.’ ಎದೆ ಮೇಲೆದ್ದಿತು. ಸುಮ್ಮನಾದೆ. ಎದೆಯೂ ಸುಮ್ಮನಾಯಿತು. ‘ಅಕ್ಕಾ, ತಗೋ. ಉಸರ ತಗೋ.’ ಮತ್ತೆ ಎದ್ದಿತು. ಒಳ್ಳೆ ಮಗು ಹೇಳಿದ ಮಾತು ಕೇಳುವಂತೆ ಕೇಳುತ್ತಿದ್ದಳು. ನಾನು ಉಗುಳು ನುಂಗಲು ನಿಂತರೆ ಅವಳೂ ನಿಲ್ಲುತ್ತಿದ್ದಳು. ನನ್ನ ಗಂಟಲು ಒಣಗಿ ಮಾತು ಒಡೆದಾಗ ನರ್ಸಮ್ಮ ಪಕ್ಕಕ್ಕೆ ಬಂದು ಹೇಳಿದಳು. ಆದರೆ ಅವಳ ದನಿಗೆ ನೆಗೆಣ್ಣಿ ಅಷ್ಟಾಗಿ ಓಗೊಡಲಿಲ್ಲ. ನೀರು ಕುಡಿದು ಮತ್ತೆ ನಾನೇ ಕೂತೆ. ಡಾಕ್ಟರು ನಡುನಡುವೆ ಕೆನ್ನೆ ತಟ್ಟುತ್ತಿದ್ದರು, ಅಂಗಾಲು ಉಜ್ಜುತ್ತಿದ್ದರು. ಭಾವನವರು ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದರು.

ಹೊರಗೆ ದೀಪ ಹಚ್ಚುವ ಹೊತ್ತಿಗೆ ಅವಳು ನಾನು ಹೇಳದೆಯೇ ಒಂದು ಉಸಿರು ತೆಗೆದುಕೊಂಡಳು. ಆಮೇಲೆ ಇನ್ನೊಂದು. ತುಟಿಯ ಬಣ್ಣ ತಿರುಗಿತು. ಕೊನೆಗೆ ನೋವಿನಿಂದ ನರಳಿ, ‘ಯವ್ವಾ, ನನ್ನ ಕೈ’ ಎಂದು ಕೂಗಿದಳು. ಆ ಕೂಗು ಕೇಳಿ ಭಾವನವರು ಗಿಡದ ಕೆಳಗೇ ಕೂತು ಅತ್ತುಬಿಟ್ಟರು. ಡಾಕ್ಟರು ನಕ್ಕರು. ನಾನೂ ನಕ್ಕೆ. ಒಬ್ಬ ಹೆಂಗಸು ನೋವಿನಿಂದ ಕೂಗಿದ್ದಕ್ಕೆ ನಾವೆಲ್ಲ ನಕ್ಕೆವು.

ಮರುದಿನ ಡಾಕ್ಟರು ಭಾವನವರನ್ನು ಕರೆದು ಕೂಡಿಸಿಕೊಂಡರು. ‘ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದಿದ್ರೂ ಅದನ್ನೇ ಮಾಡ್ತಿದ್ದೆನೋ ಏನೋ. ಆದರೆ ಆ ಗುಳಿಗೇಲಿ ಏನಿದೆ, ಎಷ್ಟಿದೆ ಅಂತ ಗೊತ್ತಾಗದೆ ನಾನು ಮುಂದೆ ಹೋಗಕ್ಕಾಗಲ್ಲ. ಆ ಹಕೀಮರನ್ನ ಹೇಗಾದರೂ ಮಾಡಿ ಕೇಳಿಕೊಂಡು ಬನ್ನಿ.’

ಭಾವನವರು ನನ್ನನ್ನೂ ಕರೆದುಕೊಂಡು ಟಾಂಗಾದಲ್ಲಿ ರೋಜಾಕ್ಕೆ ಹೊರಟರು. ಈ ದಿನಗಳಲ್ಲಿ ಒಬ್ಬ ಗಂಡಸು ಹೋಗಿ ಬಾಗಿಲು ಬಡಿದರೆ ಯಾರೂ ತೆಗೆಯುವುದಿಲ್ಲವೆಂದು ಟಾಂಗಾದವನೇ ಹೇಳಿದ್ದ. ದರ್ಗಾದ ಮುಂದಿನ ಹೂವಿನ ಅಂಗಡಿಗಳಲ್ಲಿ ಒಂದೆರಡು ಮಾತ್ರ ತೆರೆದಿದ್ದವು. ಓಣಿಯಲ್ಲಿ ಮಕ್ಕಳಿರಲಿಲ್ಲ. ಹಕೀಮರ ಮನೆಯ ಬಾಗಿಲನ್ನು ನಾನು ಬಡಿದೆ. ಬಹಳ ಹೊತ್ತಿಗೆ ಒಳಗಿನಿಂದ ಒಂದು ಹೆಂಗಸಿನ ದನಿ ಬಂತು.

‘ಕೌನ್?’

‘ನಾವ್ರೀ, ಕಮಲಾಪುರದವರು. ಬಾಳಿಹಣ್ಣಿನವರು.’

ಬಾಗಿಲು ಒಂದು ಗೇಣು ತೆರೆಯಿತು. ಪರದೆಯ ಹಿಂದೆ ಹಕೀಮರ ಹೆಂಡತಿ ನಿಂತಿದ್ದರು. ನನ್ನನ್ನು ಒಳಗೆ ಕರೆದರು. ಭಾವನವರು ಹೊಸ್ತಿಲ ಹೊರಗೇ ಗೋಡೆಯ ಕಡೆ ಮುಖ ಮಾಡಿ ನಿಂತರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಆಕೆ ಬಾಯಿಗೆ ಸೆರಗು ಹಿಡಿದುಕೊಂಡರು.

‘ಯಾ ಅಲ್ಲಾ. ಆ ಹುಡುಗಿ ಸಣ್ಣಕಿ ಇದ್ದಾಗಿಂದ ನಾ ನೋಡೀನಿ. ಇಲ್ಲೇ ಈ ಕಟ್ಟಿ ಮ್ಯಾಲ ಆಡ್ತಿದ್ಲು. ಜೀವಕ್ಕ ಏನಿಲ್ಲಲ್ಲ?’

‘ಸದ್ಯ ಇಲ್ರೀ. ಹಕೀಮ ಸಾಬ್ರು ಎಲ್ಲದಾರ್ರೀ? ಗುಳಿಗ್ಯಾಗ ಏನೇನ ಹಾಕ್ತಾರ ಅಂತ ಡಾಕ್ಟರು ಕೇಳಾಕತ್ತಾರ.’

ಮೂಲೆಯಲ್ಲಿದ್ದ ಔಷಧಿ ಕುಟ್ಟುವ ಕಲ್ಲಿನ ಖಲಬತ್ತು, ಸಾಲು ಹಿಡಿದ ಡಬ್ಬಿಗಳು, ಎಲ್ಲದರ ಮೇಲೂ ಧೂಳು ಕೂತಿತ್ತು.

‘ಅವ್ರನ್ನ ಮಿಲಿಟ್ರಿಯವ್ರು ಕರಕೊಂಡ ಹೋಗ್ಯಾರ ಬೇಟಿ. ಏನೋ ಕೇಳೂದದ, ಕೇಳಿ ಕಳಸ್ತೀವಿ ಅಂದ್ರು. ಇನ್ನೂ ಬಂದಿಲ್ಲ. ಎಲ್ಲಿ ಇಟ್ಟಾರ, ಮೇರೆಕು ನೈ ಮಾಲೂಮ್. ಯಾರನ್ನ ಕೇಳ್ಬೇಕು ಅದೂ ಗೊತ್ತಿಲ್ಲ.’

‘ಗುಳಿಗಿ ನೀವು ಮಾಡ್ತಿದ್ದಿಲ್ಲೇನ್ರೀ?’

‘ಕುಟ್ಟಿ ಕೊಡ್ತಿದ್ದೆ. ಉಂಡಿ ಕಟ್ತಿದ್ದೆ. ಒಳಗಿಂದ ಒಂದು ಪುಡಿ ಅವ್ರೇ ತಂದು ಕೂಡಸ್ತಿದ್ರು. ನಾ ಕೇಳಿಲ್ಲ, ಅವ್ರು ಹೇಳಿಲ್ಲ. ಕೆಲವ್ರ ಗುಳಿಗಿಗೆ ಅಫೀಮ ಹಾಕ್ತಿದ್ರು, ಅದು ಖರೇ. ನಿಮ್ಮಾಕಿದಕ್ಕ ಹಾಕ್ತಿದ್ರೋ ಇಲ್ಲೋ, ನಾ ಹ್ಯಾಂಗ ಹೇಳ್ಲಿ? ಹೌದಂದ್ರೂ ತಪ್ಪಾಗ್ತದ, ಇಲ್ಲಂದ್ರೂ ತಪ್ಪಾಗ್ತದ. ಒಂದ ಜೀವದ ಪ್ರಶ್ನಿ ಅದು.’

ಆಮೇಲೆ ಆಕೆ ಪರದೆಯನ್ನು ತುಸು ಸರಿಸಿ, ಹೊರಗೆ ನಿಂತಿದ್ದ ಭಾವನವರಿಗೆ ಕೇಳಿಸುವಂತೆ ದನಿ ಎತ್ತಿದರು.

‘ಭಯ್ಯಾ, ಈಗ ನಿಮ್ಮವರ ಕೈಯಾಗ ಅದ ಎಲ್ಲಾ. ನಮ್ಮವರು ಎಲ್ಲಿದಾರ ಅಂತ ಒಂದೀಟು ಕೇಳಿ ಹೇಳ್ರೀ. ಬರೇ ಬದಕ್ಯಾರ ಅಂತ ಗೊತ್ತಾದ್ರ ಸಾಕು.’

ಭಾವನವರು ತಲೆ ತಗ್ಗಿಸಿದರು. ಅವರಿಗೆ ಯಾರೂ ಗೊತ್ತಿರಲಿಲ್ಲ. ಬಾಳೆ ಬೆಳೆಯುವ ಮನುಷ್ಯ, ಕಚೇರಿ ಮೆಟ್ಟಿಲು ಹತ್ತಿದವರಲ್ಲ. ‘ಕೇಳ್ತೀನವ್ವಾ’ ಎಂದರು. ಮುಂದೆ ನಿಜವಾಗಿಯೂ ಎರಡು ಕಡೆ ಹೋಗಿ ಕೇಳಿದರು. ಒಂದು ಕಡೆ ಗೊತ್ತಿಲ್ಲ ಎಂದರು. ಇನ್ನೊಂದು ಕಡೆ ಆತ ನಿನಗೇನಾಗಬೇಕು ಎಂದು ಇವರನ್ನೇ ತಿರುಗಿ ಕೇಳಿದರು. ಅಂದು ನಾವು ಅವರಿಂದ ಏನನ್ನೋ ಕೇಳಲು ಹೋಗಿದ್ದೆವು, ಅವರು ನಮ್ಮಿಂದ ಏನನ್ನೋ ಕೇಳಿದರು. ಎರಡೂ ಕಡೆ ಕೊಡಲು ಏನೂ ಇರಲಿಲ್ಲ. ಹೊರಡುವಾಗ ಆಕೆ ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಬರಿಗೈಯಲ್ಲಿ ಬಂದು ನಡೆದದ್ದನ್ನು ಡಾಕ್ಟರಿಗೆ ಹೇಳಿದೆವು.

‘ಗುಳಿಗೆ ನಿಲ್ಲಿಸಿದ್ರೆ ಮೂರ್ಛೆ ಕೊಲ್ಲುತ್ತೆ, ನಿನ್ನೆ ನೋಡಿದ್ವಿ. ಆದ್ದರಿಂದ ಗುಳಿಗೆ ಕೊಡೋಣ, ಅರ್ಧರ್ಧ. ಸೂಜಿ ಇಲ್ಲ.’

‘ಮತ್ತ ನೋವಿಗ್ರೀ?’ ಎಂದೆ. ಗಂಡಸರ ಮಾತಿನ ನಡುವೆ ನಾನು ಬಾಯಿ ಹಾಕಿದ್ದು ಅದೇ ಮೊದಲು.

‘ಆಸ್ಪಿರಿನ್ ಪುಡಿ ಕೊಡ್ತೀನಿ. ಅಷ್ಟು ಸುಟ್ಟ ಗಾಯಕ್ಕೆ ಅದು ಏನೂ ಅಲ್ಲಮ್ಮ. ನನಗೂ ಗೊತ್ತು.’

ಆಗ ಡ್ರೆಸಿಂಗ್ ಶುರುವಾಯಿತು. ದಿನ ಬಿಟ್ಟು ದಿನ ಅಂಟಿಕೊಂಡ ಬಟ್ಟೆಯನ್ನು ನೀರಿನಲ್ಲಿ ನೆನೆಸಿ ಬಿಡಿಸಬೇಕು, ಸತ್ತ ಚರ್ಮವನ್ನು ತೆಗೆಯಬೇಕು, ಮುಲಾಮು ಹಚ್ಚಿ ಮತ್ತೆ ಕಟ್ಟಬೇಕು. ಡ್ರೆಸಿಂಗ್ ಸಾಮಾನಿನ ತಳ್ಳುಗಾಡಿಯ ಚಕ್ರದ ಸದ್ದು ಆ ಕಡೆಯ ಬಾಗಿಲಲ್ಲಿ ಕೇಳಿದ ಕೂಡಲೇ ನೆಗೆಣ್ಣಿಯ ಮೈ ನಡುಗತೊಡಗುತ್ತಿತ್ತು. ನಾನು ಅವಳ ಎಡಗೈ ಹಿಡಿದು, ಮುಖವನ್ನು ನನ್ನ ಹೊಟ್ಟೆಗೆ ಒತ್ತಿಕೊಂಡು ನಿಲ್ಲುತ್ತಿದ್ದೆ. ನರ್ಸಮ್ಮ ಆದಷ್ಟು ಮೆಲ್ಲಗೆ ಮಾಡುತ್ತಿದ್ದಳು. ಮೆಲ್ಲಗೆ ಮಾಡಿದಷ್ಟೂ ಹೊತ್ತು ಹಿಡಿಯುತ್ತಿತ್ತು.

‘ತಂಗೀ, ಆ ಸೂಜಿ ಒಂದ ಮಾಡಸ. ಮೊದಲ ದಿನ ಮಾಡಿದ್ರಲ್ಲ, ಅದು. ಒಂದ ಸಲ.’

‘ಆಗಂಗಿಲ್ಲ ಅಕ್ಕಾ. ಉಸರ ನಿಲ್ತದಂತ.’

‘ನಿಂತ್ರ ನಿಲ್ಲಲಿ. ನಾನ ಹೇಳಾಕತ್ತೀನಲ್ಲ. ನಿಂದೇನ ಹೋಗ್ತದ?’

ನಾನು ಡಾಕ್ಟರ ಮುಖ ನೋಡುತ್ತಿದ್ದೆ. ಅವರು ಬೇರೆ ಕಡೆ ನೋಡುತ್ತಿದ್ದರು. ಆ ಸೂಜಿಯ ಮದ್ದು ಎಲ್ಲಿತ್ತು ಎಂದು ನನಗೆ ಗೊತ್ತಿತ್ತು. ಕೋಣೆಯ ಆಚೆ ಬೀಗ ಹಾಕಿದ ಗಾಜಿನ ಕಪಾಟಿನಲ್ಲಿ, ನಾನು ನಿಂತಲ್ಲಿಂದಲೇ ಕಾಣುವಷ್ಟು ಹತ್ತಿರ. ಇಲ್ಲದ ಔಷಧಿಗೆ ಅತ್ತು ಸುಮ್ಮನಾಗಬಹುದು. ಕಣ್ಣೆದುರು ಇರುವ ಔಷಧಿಯನ್ನು ಕೊಡಬಾರದು ಎಂದರೆ ಹೇಗೆ ಸುಮ್ಮನಾಗುವುದು? ಒಂದು ದಿನ ತಡೆಯಲಾರದೆ ಡಾಕ್ಟರಿಗೆ ಕೈ ಮುಗಿದು, ‘ಒಂದೀಟರ ಕೊಡ್ರೀ, ನಾ ಮೊನ್ನಿ ಹಂಗ ಕಿವ್ಯಾಗ ಹೇಳ್ಕೋತ ಕೂಡ್ತೀನಿ’ ಎಂದೆ. ಅವರು ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಹೇಳಿದರು.

‘ಕೊಡಬೇಕು ಅಂತ ನನಗೂ ದಿನಾ ಅನ್ನಿಸುತ್ತೆ. ಆದರೆ ಆ ಗುಳಿಗೆ ಇವತ್ತು ಎಷ್ಟು ಕೆಲಸ ಮಾಡುತ್ತೆ, ನಾಳೆ ಎಷ್ಟು ಅಂತ ಗೊತ್ತಿಲ್ಲ. ಒಂದು ಗುಳಿಗೆ ಹಾಗೆ ಇನ್ನೊಂದು ಇರುತ್ತೆ ಅಂತಲೂ ಹೇಳೋಕಾಗಲ್ಲ. ಮೊನ್ನೆ ನೀವು ಹೇಳಿದ್ದನ್ನ ಅವರು ಕೇಳಿಸಿಕೊಂಡ್ರು. ಇನ್ನೊಂದು ಸಲ ಕೇಳಿಸದೇ ಹೋದ್ರೆ?’

ಸೊಲ್ಲಾಪುರದಿಂದ ಮೂರ್ಛೆಯ ಬಿಳಿ ಗುಳಿಗೆ ಕೊನೆಗೂ ಬಂತು. ಇನ್ನು ಸೂಜಿ ಕೊಡಬಹುದೆಂದು ನಾನು ಹಿಗ್ಗಿದೆ. ಡಾಕ್ಟರು ತಲೆಯಾಡಿಸಿದರು. ಅದೂ ನಿದ್ದೆಯ ಜಾತಿಯದೇ, ಅದಕ್ಕೂ ಸೂಜಿಗೂ ಕೂಡಿಬರುವುದಿಲ್ಲ. ಮೇಲಾಗಿ ಹಕೀಮರ ಗುಳಿಗೆಯ ಸತ್ವ ಮೈಯಲ್ಲಿ ಇನ್ನೂ ಎಷ್ಟು ದಿನ ಇರುತ್ತದೋ ತಿಳಿಯದು. ದೊಡ್ಡ ಊರಿನ ದವಾಖಾನೆಯಲ್ಲಾದರೆ ಪಕ್ಕದಲ್ಲೇ ಡಾಕ್ಟರು ಕೂತು ನೋಡಿಕೊಂಡು ಸ್ವಲ್ಪ ಸ್ವಲ್ಪ ಕೊಡಬಹುದು, ಇಲ್ಲಿ ನಾನೊಬ್ಬನೇ, ಯಾವ ಹೊತ್ತಿಗೆ ಜೀಪು ಬಂದು ಎಲ್ಲಿಗೆ ಒಯ್ಯುತ್ತದೋ ಎಂದರು. ನೆಗೆಣ್ಣಿಯನ್ನು ಹೈದರಾಬಾದಿಗೆ ಕರೆದುಕೊಂಡು ಹೋಗುವ ಮಾತೂ ಬಂತು. ಆ ಕೈ ಹೊತ್ತುಕೊಂಡು ಅಷ್ಟು ದೂರ ರೈಲಿನಲ್ಲಿ ಕೂರುವ ಸ್ಥಿತಿ ಅವಳದಾಗಿರಲಿಲ್ಲ.

ಬರಬರುತ್ತ ಅವಳು ಸೂಜಿ ಕೇಳುವುದನ್ನು ಬಿಟ್ಟಳು. ಗಾಡಿಯ ಸದ್ದು ಬಂದಾಗ ಸೆರಗಿನ ತುದಿಯನ್ನು ತಾನೇ ಮಡಿಚಿ ಬಾಯಿಗೆ ಇಟ್ಟುಕೊಳ್ಳುತ್ತಿದ್ದಳು. ಕೇಳುತ್ತಿದ್ದಾಗ ನನಗೆ ಇದ್ದ ಸಂಕಟಕ್ಕಿಂತ ಅವಳು ಸುಮ್ಮನಾದಾಗಿನ ಸಂಕಟ ದೊಡ್ಡದಾಗಿತ್ತು. ನನ್ನ ಕಡೆಯೂ ನೋಡುತ್ತಿರಲಿಲ್ಲ. ಯಾರಿಂದಲೂ ಏನೂ ಆಗುವುದಿಲ್ಲವೆಂದು ಅವಳು ತಿಳಿದುಕೊಂಡುಬಿಟ್ಟಿದ್ದಳು.

ಹೊಲದಲ್ಲಿ ಜೋಳದ ರಾಶಿ ನಡೆದಿದ್ದಾಗ ನಾವು ಊರಿಗೆ ಬಂದೆವು. ಗಾಯ ಮಾಯ್ದಿತ್ತು. ನೋವಿಗೆ ಅಂಜಿ ಅವಳು ಕೈ ಚಾಚಲೇ ಇಲ್ಲವಾದ್ದರಿಂದ ಮೊಣಕೈ ಮಡಿಚಿದಂತೆಯೇ ಉಳಿಯಿತು. ಕಿರುಬೆರಳೂ ಪಕ್ಕದ್ದೂ ಒಂದಕ್ಕೊಂದು ಕೂಡಿಕೊಂಡವು. ಬಿಳಿ ಗುಳಿಗೆ ಮೂರ್ಛೆಯನ್ನು ತಕ್ಕಮಟ್ಟಿಗೆ ತಡೆಯಿತು. ಆದರೆ ಅವಳ ನಡೆ ನುಡಿ ನಿಧಾನವಾಯಿತು. ಅತ್ತೆ ಅವಳನ್ನು ಮತ್ತೆ ಒಲೆಯ ಹತ್ತಿರ ಬಿಡಲಿಲ್ಲ.

ಬೇಸಿಗೆಯಲ್ಲಿ ಭಾವನವರು ಹಣ್ಣಿನ ಜೊತೆ ಕಲಬುರಗಿಗೆ ಹೋದಾಗ ರೋಜಾಕ್ಕೂ ಹೋಗಿ ಬಂದರು. ಹಕೀಮರ ಮನೆಗೆ ಬೀಗ ಬಿದ್ದಿತ್ತು. ಹೆಂಡತಿ ಬೀದರಿನ ಕಡೆ ತಮ್ಮನ ಮನೆಗೆ ಹೋದರೆಂದು ಪಕ್ಕದವರು ಹೇಳಿದರಂತೆ. ಹಕೀಮರ ಸುದ್ದಿ ಅವರಿಗೂ ಗೊತ್ತಿರಲಿಲ್ಲ. ಒಯ್ದಿದ್ದ ಹಣ್ಣನ್ನು ಏನು ಮಾಡಬೇಕೆಂದು ತಿಳಿಯದೆ ದರ್ಗಾದ ಮುಂದೆ ಕೂತವರಿಗೆ ಹಂಚಿ ಬಂದೆ ಎಂದರು.

ಮನೆಯೊಳಗೆ ಸುಮ್ಮನೆ ಕೂರಲಾರದೆ ನೆಗೆಣ್ಣಿ ಬಸ್ಸು ನಿಲ್ಲುವ ಕಡೆ ಬುಟ್ಟಿ ಇಟ್ಟುಕೊಂಡು ಹಣ್ಣು ಮಾರತೊಡಗಿದಳು. ಎಡಗೈಯಿಂದಲೇ ಚಿಪ್ಪಿನಿಂದ ಹಣ್ಣು ಬಿಡಿಸುವುದನ್ನು ಕಲಿತಳು. ಹುಮನಾಬಾದಿಗೆ ಹೋಗುವ ಬಸ್ಸಿನವರೆಲ್ಲ ಅವಳಿಗೆ ಪರಿಚಯವಾದರು. ನಾವು ಆ ದಿನಗಳ ಮಾತು ಎತ್ತುತ್ತಿರಲಿಲ್ಲ. ಅವಳೂ ಎತ್ತುತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ, ಇನ್ನೂ ಹೈದರಾಬಾದ್ ರಾಜ್ಯವೇ ಇದ್ದಾಗ, ಅವಳಿಗೆ ದವಡೆ ಹಲ್ಲು ನೋವು ಬಂತು. ಕೆನ್ನೆ ಊದಿ ಕಣ್ಣು ಮುಚ್ಚಿತು. ಕಲಬುರಗಿಗೆ ಕರೆದುಕೊಂಡು ಹೋದೆ. ಬಳ್ಳಾರಿ ಕಡೆಯ ಆ ಡಾಕ್ಟರಿಗೆ ವರ್ಗವಾಗಿ, ಬೇರೊಬ್ಬ ಡಾಕ್ಟರಿದ್ದರು. ಅವಳು ತಿನ್ನುವ ಬಿಳಿ ಗುಳಿಗೆಯ ಹೆಸರನ್ನು ನಾನು ಬಾಯಿಪಾಠ ಹೇಳಿದೆ. ಅವರು ಯೋಚನೆ ಮಾಡಿ, ಅದಕ್ಕೆ ತೊಂದರೆ ಕೊಡದಂಥ ನೋವಿನ ಪುಡಿಯನ್ನೇ ಕೊಟ್ಟರು. ‘ಇದು ನಡೀತದ, ಅಂಜಬ್ಯಾಡ್ರಿ’ ಎಂದು ಎರಡೆರಡು ಸಲ ಹೇಳಿದರು. ನೆಗೆಣ್ಣಿ ಪುಡಿಯನ್ನು ತೆಗೆದುಕೊಂಡು, ಹೊರಗೆ ಬಂದ ಮೇಲೆ ನನ್ನ ಕೈಯಲ್ಲಿಟ್ಟಳು.

‘ತಗೋ ಅಕ್ಕಾ, ಡಾಕ್ಟರು ಎಲ್ಲಾ ಕೇಳೇ ಕೊಟ್ಟಾರ. ಇದಕ್ಕೂ ನಿನ್ನ ಗುಳಿಗಿಗೂ ಕೂಡ್ತದ.’

‘ಕೂಡ್ತದ ಇರಬೇಕು,’ ಎಂದಳು. ‘ನನಗ ಬ್ಯಾಡ.’

ಬೇಡಿಕೊಂಡೆ, ಬೈದೆ, ಅತ್ತೆಯಿಂದ ಹೇಳಿಸಿದೆ. ಕೇಳಲಿಲ್ಲ. ಹಲ್ಲು ಕೀಳಿಸಿಕೊಂಡ ಮೇಲೂ ಆ ವಾರವೆಲ್ಲ ದವಡೆಗೆ ಬಟ್ಟೆ ಕಟ್ಟಿಕೊಂಡೇ ಬುಟ್ಟಿಯ ಮುಂದೆ ಕೂತಳು. ಗಿರಾಕಿಗಳು ಏನಾಯಿತೆಂದು ಕೇಳಿದರೆ ಏನಿಲ್ಲವೆಂದು ತಲೆಯಾಡಿಸಿ ಹಣ್ಣು ಕೊಡುತ್ತಿದ್ದಳು.